ಇಲಿ ಡಾಕ್ಟರ ಔಷಧಿ

ಸಮ್ಮೇಳನ ಮುಗಿದದ್ದು ಶುಕ್ರವಾರ ಮಧ್ಯಾಹ್ನ. ಸುದ್ದಿ ಮನೆಗೆ ತಲುಪಿದ್ದು ಅಂದೇ ಸಂಜೆ, ಪಕ್ಕದ ಮನೆಗೆ ಅದೇ ಸಂಜೆ ದೀಪ ಹಾಕುವ ಮೊದಲು, ಬೀದಿಯ ಉದ್ದಕ್ಕೂ ಶನಿವಾರ, ಆರೋಗ್ಯ ಇಲಾಖೆಗೆ ಸೋಮವಾರ. ಸತ್ಯ ಮಾತ್ರ ಎಲ್ಲಕ್ಕಿಂತ ಕೊನೆಗೆ ಬಂತು, ಸಾವಕಾಶವಾಗಿ, ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸಿಕೊಂಡು ಬರುವ ನೆಂಟನ ಹಾಗೆ. ಕ್ರಮ ಇದು. ಈ ಕ್ರಮದಲ್ಲಿ ಯಾವುದಾದರೊಂದು ಹೆಜ್ಜೆ ಹಿಂದುಮುಂದಾಗಿದ್ದರೆ ಇದು ಬರೀ ನಗಬಹುದಾದ ಕಥೆಯಾಗುತ್ತಿತ್ತು.

ಇಲಿ ಡಾಕ್ಟರೆಂದರೆ ಇಲಿಗಳಿಗೆ ಚಿಕಿತ್ಸೆ ಕೊಡುವವರಲ್ಲ. ಇಲಿಗಳ ದೃಷ್ಟಿಯಿಂದ ನೋಡಿದರೆ ಅವರ ಉದ್ಯೋಗ ಅದಕ್ಕೆ ತದ್ವಿರುದ್ಧವಾದದ್ದು. ಕಾಲೇಜೊಂದರ ಜೀವರಸಾಯನ ವಿಭಾಗದಲ್ಲಿ ಅವರು ಸಂಶೋಧಕರು. ಇಲಿಯ ಮಿದುಳನ್ನು ಅರೆದು, ಸೋಸಿ, ಅದರೊಳಗಿನ ಒಂದು ಕಿಣ್ವದ ಮೇಲೆ ಯಾವ ಔಷಧಿ ಏನು ಮಾಡುತ್ತದೆಂದು ಅಳೆಯುವುದು ಅವರ ಕೆಲಸ. ಡಾಕ್ಟರೆಂಬ ಪದವಿ ಇತ್ತು, ಕೈಹಿಡಿದು ನಾಡಿ ನೋಡಲು ಬರುತ್ತಿರಲಿಲ್ಲ. ಈ ಅಂತರವನ್ನು ಬೀದಿಯವರು ‘ಇಲಿ’ ಎಂಬ ಎರಡಕ್ಷರದಿಂದ ತುಂಬಿಸಿದ್ದರು. ಅವರ ಮೇಜಿನ ಮೇಲೆ ಪೆನ್ನುಗಳು ಎತ್ತರದ ಪ್ರಕಾರ ನಿಂತಿರುತ್ತಿದ್ದವು. ಕಾಲುಚೀಲಗಳಲ್ಲಿ ಎಡ ಯಾವುದು ಬಲ ಯಾವುದು ಎಂದು ಒಳಗಡೆ ಗುರುತು ಇರುತ್ತಿತ್ತು. ಇಷ್ಟು ಅಚ್ಚುಕಟ್ಟಾದ ಮನುಷ್ಯ ತಪ್ಪು ಮಾಡಿದರೆ ಅದೂ ಅಚ್ಚುಕಟ್ಟಾಗಿಯೇ ಆಗುತ್ತದೆ.

ಅವರು ಇದ್ದದ್ದು ಅಣ್ಣನ ಮನೆಯ ಮಹಡಿಯ ಕೋಣೆಯಲ್ಲಿ. ಅಣ್ಣ ಅಂಗಡಿಗಳಿಗೆ ಬೋರ್ಡು ಬರೆಯುವವನು. ಅವನು ಬರೆದ ಅಕ್ಷರಗಳು ಒಂದು ಕಾಲದಲ್ಲಿ ಬೀದಿಯಲ್ಲಿ ನೆಟ್ಟಗೆ ನಿಂತು ಗಿರಾಕಿಗಳನ್ನು ಕರೆಯುತ್ತಿದ್ದವು. ಆಮೇಲೆ ಕೈನಡುಕ ಶುರುವಾಯಿತು. ಆಸ್ಪತ್ರೆಯ ಮಾತ್ರೆಯಿಂದ ನಡುಕ ಹಿಡಿತಕ್ಕೆ ಬಂತಾದರೂ ಪೂರ್ತಿ ಹೋಗಲಿಲ್ಲ. ಬೆಳಿಗ್ಗೆ ಬರೆದ ಬೋರ್ಡು ಓದುವ ಹಾಗಿರುತ್ತಿತ್ತು. ಮಾತ್ರೆಯ ಕಸುವು ಇಳಿದ ಮೇಲೆ ಬರೆದದ್ದು ಜ್ವರ ಬಂದವರ ಹಾಗೆ ಅದುರುತ್ತಿತ್ತು. ಬಟ್ಟೆ ಅಂಗಡಿಯವರು ಗೊಣಗಿದರು, ಔಷಧದಂಗಡಿಯವರು ಬೋರ್ಡನ್ನೇ ವಾಪಸು ಕಳಿಸಿದರು. ಸಂತೋಷಪಟ್ಟವನು ಐಸ್‌ಕ್ರೀಮ್ ಅಂಗಡಿಯವನೊಬ್ಬನೇ. ಅವನ ಬೋರ್ಡಿನ ಅಕ್ಷರಗಳನ್ನು ನೋಡಿದರೇ ಚಳಿಯಾಗುತ್ತದೆಂದು ಜನ ಹೇಳುತ್ತಿದ್ದರು.

ತಮ್ಮ ಅಳೆಯುತ್ತಿದ್ದ ಕಿಣ್ವಕ್ಕೂ ಅಣ್ಣನ ಕೈಗೂ ಸಂಬಂಧವಿತ್ತು. ಮಿದುಳಿನಿಂದ ಕೈಗೆ ಅಪ್ಪಣೆ ಒಯ್ಯುವ ಒಂದು ವಸ್ತು ಇದೆ. ನಡುಕದ ಕಾಯಿಲೆಯಲ್ಲಿ ಅದು ಮೊದಲೇ ಕಡಿಮೆ. ಇರುವಷ್ಟನ್ನೂ ಈ ಕಿಣ್ವ ಕಡಿದುಹಾಕುತ್ತದೆ. ಕಿಣ್ವದ ಬಾಯಿ ಕಟ್ಟಿದರೆ ವಸ್ತು ಉಳಿಯುತ್ತದೆ. ಇಲಿ ಡಾಕ್ಟರು ಕಂಡುಹಿಡಿದ ಒಂದು ಬಿಳಿಯ ಪುಡಿ ಈ ಕಿಣ್ವದ ಬಾಯನ್ನು ಪರೀಕ್ಷೆ ಮಾಡಿದಾಗಲೆಲ್ಲ ತಪ್ಪದೆ ಕಟ್ಟುತ್ತಿತ್ತು.

ಸಮ್ಮೇಳನದಲ್ಲಿ ಅವರು ತೋರಿಸಿದ್ದು ಈ ಪುಡಿಯನ್ನು. ಔಷಧಿ ಕಂಪನಿಗಳ ವಿಜ್ಞಾನಿಗಳೂ ಕಾಲೇಜುಗಳ ವಿಜ್ಞಾನಿಗಳೂ ವರ್ಷಕ್ಕೊಮ್ಮೆ ಸೇರಿ ತಮ್ಮ ತಮ್ಮ ಸಂಶೋಧನೆಗಳನ್ನು ಹಂಚಿಕೊಳ್ಳುವ ಸಭೆ ಅದು. ಕಂಪನಿಯವರು ಏನನ್ನೂ ಹೇಳದೆ ಎಲ್ಲವನ್ನೂ ಕೇಳುತ್ತಾರೆ. ಕಾಲೇಜಿನವರು ಏನನ್ನೂ ಕೇಳದೆ ಎಲ್ಲವನ್ನೂ ಹೇಳುತ್ತಾರೆ. ಇದಕ್ಕೆ ಜ್ಞಾನ ವಿನಿಮಯ ಎಂದು ಹೆಸರು. ಇಲಿ ಡಾಕ್ಟರು ಗೋಡೆಗೆ ಅಂಟಿಸಿದ ತಮ್ಮ ಭಿತ್ತಿಪತ್ರದ ಪಕ್ಕದಲ್ಲಿ ಕಾವಲುಗಾರನ ಹಾಗೆ ನಿಂತಿದ್ದರು. ಕಂಪನಿಯ ಹಿರಿಯ ವಿಜ್ಞಾನಿಯೊಬ್ಬರು, ಎಲ್ಲರೂ ಮೇಡಂ ಎನ್ನುತ್ತಿದ್ದ ಹೆಂಗಸು, ಬಂದು ಕನ್ನಡಕ ಮೇಲೇರಿಸಿ ಓದಿದರು.

“ಬಹಳ ಸ್ವಾರಸ್ಯವಾಗಿದೆ. ಸ್ವಲ್ಪ ಪುಡಿ ಕೊಡಿ, ನಮ್ಮ ಲ್ಯಾಬಲ್ಲೂ ಒಂದ್ಸಲ ನೋಡ್ತೀವಿ. ಆಮೇಲೆ ಮಾತಾಡೋಣ.”

ಕಂಪನಿಯವರು ಈ ಮಾತನ್ನು ಆ ಮಧ್ಯಾಹ್ನ ಇಡೀ ಗೋಡೆಯ ಉದ್ದಕ್ಕೂ ಪ್ರತಿಯೊಬ್ಬರಿಗೂ ಹೇಳಿದ್ದರು. ಅನುಭವಸ್ಥರು ಇದನ್ನು ನಮಸ್ಕಾರ ಎಂಬಂತೆ ಸ್ವೀಕರಿಸಿ ಕಾಫಿಗೆ ಹೋಗುತ್ತಾರೆ. ಇಲಿ ಡಾಕ್ಟರು ಕಾಫಿ ಕುಡಿಯಲಿಲ್ಲ. ಪುಡಿ ಕೊಟ್ಟು, ನೆಲದಿಂದ ನಾಲ್ಕು ಬೆರಳು ಮೇಲೆ ನಡೆಯುತ್ತ ಮನೆಗೆ ಬಂದರು.

“ಏನಪ್ಪಾ, ಏನಾದ್ರೂ ಕೊಟ್ರಾ, ಬರೀ ಚಪ್ಪಾಳೆನಾ?” ಎಂದು ಅತ್ತಿಗೆ ಬಾಗಿಲಲ್ಲೇ ಕೇಳಿದಳು. ಅವಳಿಗೆ ಮೈದುನನ ಮೇಲೆ ಅಕ್ಕರೆ ಬಹಳ. ಆ ಅಕ್ಕರೆ ನಾಲಿಗೆಗೆ ಬರುವಷ್ಟರಲ್ಲಿ ಚುಚ್ಚುಮಾತಾಗುತ್ತಿತ್ತು, ಅಷ್ಟೆ.

ಹೇಳಬೇಕಾಗಿದ್ದದ್ದು: ಚಪ್ಪಾಳೆಯೂ ಇಲ್ಲ. ಆದರೆ ಒಳಗೆ ಅಣ್ಣ ಬಲಗೈಯನ್ನು ಎಡಗೈಯಿಂದ ಹಿಡಿದು ಮಡಿಲಲ್ಲಿಟ್ಟುಕೊಂಡು ಕೂತಿದ್ದ, ಓಡಿಹೋಗುವ ಬೆಕ್ಕಿನ ಮರಿಯನ್ನು ಹಿಡಿದುಕೊಂಡವನ ಹಾಗೆ.

“ಕಂಪನಿಯವರು ಒಪ್ಪಿಕೊಂಡ್ರು ಅತ್ತಿಗೆ,” ಎಂದರು ಇಲಿ ಡಾಕ್ಟರು. “ಔಷಧಿ ಅವರ ಕೈಗೆ ಹೋಯ್ತು. ಇನ್ನೇನಿದ್ರೂ ಸ್ವಲ್ಪ ದಿನದ ಮಾತು.”

“ನಿಜವಾಗ್ಲೂ ಏನೋ?” ಎಂದ ಅಣ್ಣ. ಬೆಕ್ಕಿನ ಮರಿ ಕೈತಪ್ಪಿತು. “ಈ ಕೈ ನಿಲ್ಲುತ್ತಾ?”

“ಕಿಣ್ವ ನಿಂತರೆ ಕೈ ನಿಲ್ಲಬೇಕು ಅಣ್ಣ. ಅದೇ ತತ್ವ.”

ಅತ್ತಿಗೆಗೆ ತತ್ವ ಬೇಕಿರಲಿಲ್ಲ. ಅವಳು ಒಗೆದ ಬಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದಳು. ಗೋಡೆಯಾಚೆ ನಿವೃತ್ತ ಪೋಸ್ಟ್ ಮಾಸ್ಟರು ಗಿಡಕ್ಕೆ ನೀರು ಹಾಕುತ್ತಿದ್ದರು. ಜೀವಮಾನವೆಲ್ಲ ಇನ್ನೊಬ್ಬರ ಸುದ್ದಿಯನ್ನು ಮುಚ್ಚಿದ ಲಕೋಟೆಯಲ್ಲಿ ಹೊತ್ತವರು. ಈಗ ತೆರೆದ ಬಾಯಲ್ಲಿ ಹೊರುತ್ತಿದ್ದರು. ಶನಿವಾರ ಮಧ್ಯಾಹ್ನದೊಳಗೆ ಬಟ್ಟೆ ಅಂಗಡಿಯವರು ಬಂದು, “ಕೈ ನೆಟ್ಟಗಾದ ತಕ್ಷಣ ಮೊದಲನೇ ಬೋರ್ಡು ನಮ್ಮದೇ ಆಗ್ಬೇಕು” ಎಂದರು. ಔಷಧದಂಗಡಿಯವರು ಬಂದು ಔಷಧಿಯ ಹೆಸರು ವಿಚಾರಿಸಿದರು. ಐಸ್‌ಕ್ರೀಮ್ ಅಂಗಡಿಯವನು ಮುಖ ಸಣ್ಣದು ಮಾಡಿಕೊಂಡು ಬಂದ.

“ಅಣ್ಣಾವ್ರೇ, ನೀವು ಗುಣ ಆಗೋದು ಸಂತೋಷಾನೇ. ಅದಕ್ಕೆ ಮೊದ್ಲು ಇನ್ನೊಂದೆರಡು ಬೋರ್ಡು ನಡುಗೋ ಕೈಯಲ್ಲೇ ಬರೆದು ಕೊಟ್ಬಿಡಿ.”

ಸೋಮವಾರ ಬೆಳಿಗ್ಗೆ ಆರೋಗ್ಯ ಇಲಾಖೆಯ ತಪಾಸಣಾಧಿಕಾರಿ ಬಂದ. ಬೂಟು ಕಳಚದೆ ಸೀದಾ ಅಡುಗೆಮನೆಗೆ ನಡೆದ.

“ಇಲ್ಲಿ ಪರವಾನಗಿ ಇಲ್ಲದೆ ಔಷಧಿ ತಯಾರಾಗ್ತಿದೆಯಂತೆ?”

“ಇಲ್ಲಿ ಅಡುಗೆ ತಯಾರಾಗ್ತಿದೆ ಸ್ವಾಮಿ,” ಎಂದಳು ಅತ್ತಿಗೆ.

“ಅಡುಗೆಮನೆಯಲ್ಲಿ ಔಷಧಿನಾ? ಹಾಗಾದ್ರೆ ಅಪರಾಧ ಇನ್ನೂ ದೊಡ್ಡದು.” ಅವನ ಕಣ್ಣು ಗೂಡಿನ ಮೇಲೆ ಬಿತ್ತು. ಅಲ್ಲಿ ಮುಚ್ಚಳವಿದ್ದ ಪ್ಲಾಸ್ಟಿಕ್ ಕೊಳವೆಗಳು ಸಾಲಾಗಿ ನಿಂತಿದ್ದವು. ಗೀರುಬಿದ್ದು ಪ್ರಯೋಗಕ್ಕೆ ಬೇಡವಾದವನ್ನು ಮೈದುನ ಲ್ಯಾಬಿನಿಂದ ತಂದುಕೊಟ್ಟಿದ್ದ. ಅತ್ತಿಗೆ ಒಂದರಲ್ಲಿ ಸಾಸಿವೆ, ಒಂದರಲ್ಲಿ ಸೂಜಿ, ಒಂದರಲ್ಲಿ ಗುಂಡಿ ತುಂಬಿಟ್ಟಿದ್ದಳು. “ಇದೇನು?”

“ಸಾಸಿವೆ.”

ಅವನು ಮುಚ್ಚಳ ತೆಗೆದು ಮೂಸಿದ. “ಓಹೋ. ಸಾಸಿವೆಯಿಂದ ಮಾಡೋದಾ?”

ಇಲಿ ಡಾಕ್ಟರಿಗೆ ಮೈಯೆಲ್ಲ ಉರಿಯಿತು. ಆರು ವರ್ಷ ಇಲಿ ಅರೆದ ವಿದ್ಯೆಯನ್ನು ಈ ಮನುಷ್ಯ ಒಗ್ಗರಣೆಗೆ ಇಳಿಸುತ್ತಿದ್ದ. ಅವರು ಹಜಾರಕ್ಕೆ ಕರೆದು, ಕುರ್ಚಿ ಕೊಟ್ಟು, ಗಂಟಲು ಸರಿಮಾಡಿಕೊಂಡು, ಔಷಧಿಯೊಂದು ಹೇಗೆ ಪರೀಕ್ಷೆಯಾಗುತ್ತದೆಂದು ಮೊದಲಿನಿಂದ ಹೇಳಿದರು. ತರಗತಿ ಸಿಕ್ಕದ ಮೇಷ್ಟ್ರಿಗೆ ಒಬ್ಬ ವಿದ್ಯಾರ್ಥಿ ಸಿಕ್ಕಿದರೆ ಸಾಕು. ಧ್ವನಿ ತಾನಾಗಿಯೇ ಸಭಾಂಗಣಕ್ಕೆ ತಕ್ಕಷ್ಟು ಏರುತ್ತದೆ.

“ಮತ್ತೆ ಮುಖ್ಯವಾದದ್ದು,” ಎಂದರು ಅವರು, ಒಂದು ಬೆರಳೆತ್ತಿ, “ಹೊಸ ಔಷಧಿ ಕೊಡೋ ಮೊದಲು ಹಳೇ ಔಷಧಿ ಮೈಯಿಂದ ಪೂರ್ತಿ ತೊಳೆದು ಹೋಗಿರಬೇಕು. ಒಂದು ಚೂರೂ ಉಳೀಬಾರದು. ಉಳಿದಿದ್ರೆ ಗುಣ ಯಾವುದರಿಂದ ಆಯ್ತು ಅಂತ ಹೇಗೆ ಹೇಳ್ತೀರಿ? ಇದು ನಿಯಮ.”

“ಸರಿ, ಸರಿ,” ಎಂದ ಅಧಿಕಾರಿ. ಬಾಗಿಲ ತನಕ ಹೋಗಿ, ಹಿಂದಿರುಗಿ, ದನಿ ತಗ್ಗಿಸಿದ. “ನಮ್ಮತ್ತೆಗೂ ಕೈ ನಡುಗತ್ತೆ ಡಾಕ್ಟ್ರೇ. ಕಂಪನಿಯಿಂದ ಬಂದಾಗ ನಮ್ಮನ್ನ ಮರೀಬೇಡಿ.”

ಇಲಾಖೆಯ ಕಡೆಯಿಂದ ಅಪಾಯ ಹೀಗೆ ತಪ್ಪಿತು. ಒಳಕೋಣೆಯಲ್ಲಿ ಮಲಗಿದ್ದ ಅಣ್ಣ ಪ್ರತಿಯೊಂದು ಮಾತನ್ನೂ ಕೇಳಿಸಿಕೊಂಡಿದ್ದ. ತಮ್ಮ ಇಷ್ಟು ಗಟ್ಟಿಯಾಗಿ, ಇಷ್ಟು ಧೈರ್ಯದಿಂದ ಮಾತಾಡಿದ್ದನ್ನು ಅವನು ಹಿಂದೆಂದೂ ಕೇಳಿರಲಿಲ್ಲ. ನಿಯಮ ಎಂದ ಮೇಲೆ ನಿಯಮ. ಅಂದಿನಿಂದ ಅವನು ಮಾತ್ರೆಯನ್ನು ಮೊದಲು ಅರ್ಧ ಮಾಡಿದ, ಆಮೇಲೆ ಪೂರ್ತಿ ಬಿಟ್ಟ. ತಮ್ಮನಿಗೆ ಹೇಳಲಿಲ್ಲ. ಹೇಳುವುದೇನಿದೆ? ಅವನದೇ ಮಾತು ತಾನೆ.

ಮೈ ಬಿಗಿಯತೊಡಗಿತು. ಹೊಸ್ತಿಲ ಮುಂದೆ ಬಂದರೆ ಅಣ್ಣನ ಕಾಲು ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಪೋಸ್ಟ್ ಮಾಸ್ಟರು ಗೋಡೆಯ ಮೇಲಿಂದ ನೋಡಿ ಅತ್ತಿಗೆಗೆ ಸಮಾಧಾನ ಹೇಳಿದರು.

“ಹಳೇದು ಹೋಗ್ತಿದೆ ಕಣಮ್ಮ. ಪಾತ್ರೆ ತಳ ಉಜ್ಜುವಾಗ ಸದ್ದು ಜಾಸ್ತಿ ಬರಲ್ವೇ? ಹಾಗೇ ಇದು. ಮುಖ ನೋಡು, ಎಷ್ಟು ಗಂಭೀರವಾಗಿದೆ.”

ಮುಖ ಗಂಭೀರವಾಗಿದ್ದದ್ದು ಅದರ ಸ್ನಾಯುಗಳು ಅಲುಗಾಡದೆ ಇದ್ದುದರಿಂದ. ಬೀದಿ ಅದನ್ನು ಗುಣಮುಖದ ಲಕ್ಷಣವೆಂದು ತೀರ್ಮಾನಿಸಿತು. ಇಲಿ ಡಾಕ್ಟರು ಬೆಳಗಾಗುವ ಮೊದಲೇ ಲ್ಯಾಬಿಗೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದರು. ಕಂಪನಿಯಿಂದ ಉತ್ತರ ಬರುವುದರೊಳಗೆ ಇನ್ನಷ್ಟು ಅಂಕಿಗಳು ಕೈಯಲ್ಲಿರಲಿ ಎಂದು ಅವರ ಆಸೆ. ಅಣ್ಣ ಮಲಗಿರುವುದನ್ನು ಕಂಡರು. ಮಲಗಿರುವವರನ್ನು ಎಬ್ಬಿಸಬಾರದೆಂಬ ಸೌಜನ್ಯ ಅವರಲ್ಲಿತ್ತು.

ಉತ್ತರ ಬರಲಿಲ್ಲ. ಮೇಡಂ ತಾವೇ ಲ್ಯಾಬಿಗೆ ಬಂದರು. ವಿಭಾಗದ ಮುಖ್ಯಸ್ಥರಾದ ಪ್ರೊಫೆಸರು ಎದ್ದು ನಿಂತು ಕುರ್ಚಿಯ ಧೂಳು ಒರೆಸಿದರು.

“ನಿಮ್ಮ ಪುಡಿ ನಮ್ಮಲ್ಲಿ ಏನೂ ಮಾಡ್ಲಿಲ್ಲ,” ಎಂದರು ಮೇಡಂ.

“ನಿಮ್ಮ ಇಲಿ ಸರಿಯಿಲ್ಲ,” ಎಂದರು ಪ್ರೊಫೆಸರು ತಕ್ಷಣ.

“ಇಲಿ ನಿಮ್ಮ ಕಾಲೇಜಿಂದಲೇ ತರಿಸಿದ್ದು ಸರ್.”

ಪ್ರೊಫೆಸರು ಕಿಟಕಿಯ ಕಡೆ ತಿರುಗಿಕೊಂಡರು. ಮೇಡಂ ಇಲಿ ಡಾಕ್ಟರ ಪಕ್ಕದಲ್ಲಿ ಸ್ಟೂಲೆಳೆದುಕೊಂಡು ಕೂತು, ಪ್ರಯೋಗವನ್ನು ಹೆಜ್ಜೆ ಹೆಜ್ಜೆಯಾಗಿ ಹೇಳಿಸಿದರು.

“ಪುಡಿ ಹಾಕದೆ, ಬರೀ ನೀರು ಹಾಕಿ ಹೋಲಿಸಿ ನೋಡಿದ್ದೀರಾ?”

“ಪ್ರತಿ ಸಲಾನೂ ಮೇಡಂ. ಒಂದು ಸಲಾನೂ ತಪ್ಪಿಸಿಲ್ಲ.”

“ನೀರನ್ನ ಯಾವುದರಲ್ಲಿ ಇಟ್ಟಿದ್ರಿ?”

“ಗಾಜಿನ ಕೊಳವೆಯಲ್ಲಿ.”

“ಪುಡಿ ಕರಗಿಸಿದ್ದು?”

“ಹೊಸ ಪ್ಲಾಸ್ಟಿಕ್ ಕೊಳವೆಯಲ್ಲಿ.”

“ಎರಡೂ ಬೇರೆ ಬೇರೆ ಯಾಕೆ?”

ಇಲಿ ಡಾಕ್ಟರು ಪ್ರೊಫೆಸರ ಬೆನ್ನನ್ನು ನೋಡಿದರು. ಬೆನ್ನಿನಿಂದ ಸಹಾಯ ಬರಲಿಲ್ಲ.

“ಬರೀ ನೀರು ತಾನೆ ಮೇಡಂ. ಬರೀ ನೀರಿಗೆ ಹೊಸ ಕೊಳವೆ ಯಾಕೆ ದಂಡ ಅಂತ... ಒಳ್ಳೇದನ್ನ ಔಷಧಿಗೆ ಅಂತ ತೆಗೆದಿಟ್ಟಿದ್ದೆ.”

ಮೇಡಂ ತಾವೇ ಎದ್ದು, ಹೊಸ ಪ್ಲಾಸ್ಟಿಕ್ ಕೊಳವೆಯೊಂದಕ್ಕೆ ಬರೀ ನೀರು ತುಂಬಿ, ಮುಚ್ಚಳ ಹಾಕಿ ಇಟ್ಟರು. ಮರುದಿನ ಆ ನೀರನ್ನು ಕಿಣ್ವಕ್ಕೆ ಹಾಕಿದಾಗ ಅದು ಪುಡಿಯಷ್ಟೇ ಚೆನ್ನಾಗಿ ಕಿಣ್ವದ ಬಾಯಿ ಕಟ್ಟಿತು. ಪುಡಿ ಹಾಕಿದ್ದನ್ನೂ ಹಾಕದ್ದನ್ನೂ ಪಕ್ಕಪಕ್ಕ ಇಟ್ಟರೆ ಅವಳಿಜವಳಿ ಮಕ್ಕಳ ಹಾಗೆ ಕಂಡವು. ಕೊಳವೆಯ ಪ್ಲಾಸ್ಟಿಕ್ಕಿನಿಂದ ಅದೇನೋ ಒಂದು ಸೂಕ್ಷ್ಮವಾಗಿ ನೀರಿಗೆ ಒಸರುತ್ತಿತ್ತು. ಇಷ್ಟು ವರ್ಷ ಕೆಲಸ ಮಾಡಿದ್ದು ಅದು. ಪುಡಿ ಅದರ ಜೊತೆಯಲ್ಲಿ ಸುಮ್ಮನೆ ಕೂತು ಹೆಸರು ಗಳಿಸಿತ್ತು.

“ಕೊಳವೆನಾ?” ಎಂದರು ಪ್ರೊಫೆಸರು. ಆಮೇಲೆ, “ಹಾಗಾದ್ರೆ ನಾವು ಮೊದಲಿನಿಂದಲೂ ಕೊಳವೆಯ ಮೇಲೇ ಸಂಶೋಧನೆ ಮಾಡ್ತಿದ್ವಿ ಅಂತ ಬರೆಯೋಕಾಗುತ್ತಾ?” ಎಂದರು.

ಇಲಿ ಡಾಕ್ಟರು ಆ ಸಂಜೆ ಮನೆಗೆ ಬೇಗ ಬಂದರು. ದಾರಿಯುದ್ದಕ್ಕೂ ಒಂದು ವಾಕ್ಯವನ್ನು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದ್ದರು. ಅಣ್ಣನ ಹಾಸಿಗೆಯ ಸುತ್ತ ಅತ್ತಿಗೆಯೂ ಪೋಸ್ಟ್ ಮಾಸ್ಟರೂ ಇದ್ದರು.

“ಅಣ್ಣ, ಒಂದು ತಪ್ಪಾಗಿದೆ. ಆ ಪುಡಿಯಲ್ಲಿ ಏನೂ ಇಲ್ಲ. ಕೆಲಸ ಮಾಡ್ತಿದ್ದದ್ದು ಪುಡಿ ಅಲ್ಲ, ಕೊಳವೆ.”

ಅಣ್ಣನ ಮಾತು ಈಚೆಗೆ ಬಹಳ ಮೆತ್ತಗಾಗಿತ್ತು, ಬಗ್ಗಿ ಕೇಳಿಸಿಕೊಳ್ಳಬೇಕಿತ್ತು.

“ಹಾಗಾದ್ರೆ ಕೊಳವೆನೇ ಕೊಡೋ.”

“ಅದಲ್ಲ ಅಣ್ಣ. ಕೊಳವೆ ಔಷಧಿ ಅಲ್ಲ.”

“ಕೆಲಸ ಮಾಡತ್ತೆ ಅಂದ್ಯಲ್ಲ?”

“ಮಾಡತ್ತೆ. ಆದ್ರೆ ಕೊಳವೆಯೊಳಗೆ ಮಾತ್ರ.”

“ನೋಡಿದ್ಯಾ,” ಎಂದರು ಪೋಸ್ಟ್ ಮಾಸ್ಟರು ಅತ್ತಿಗೆಗೆ, “ಕಂಪನಿಯವರು ಬಾಯಿ ಬಿಡಬೇಡ ಅಂತ ಹೇಳಿ ಕಳಿಸಿದ್ದಾರೆ. ಪುಡಿ ಅಂತ ಲೋಕಕ್ಕೆ ತೋರಿಸಿ, ನಿಜವಾದ್ದನ್ನ ಕೊಳವೆಯಲ್ಲಿ ಬಚ್ಚಿಟ್ಟಿದ್ದಾರೆ. ದೊಡ್ಡ ಕಂಪನಿಗಳ ದಾರಿನೇ ಹೀಗೆ.”

“ನಮ್ಮ ಮನೆಯಲ್ಲೇ ಗೂಡಿನ ತುಂಬ ಇದೆಯಲ್ಲ!” ಎಂದಳು ಅತ್ತಿಗೆ. ಅವಳ ಕಣ್ಣಲ್ಲಿ ನೀರು ಬಂತು. “ಇಷ್ಟು ದಿನ ಸಾಸಿವೆ ತುಂಬಿಟ್ಟಿದ್ದೀನಲ್ಲಪ್ಪಾ, ಒಂದು ಮಾತು ಹೇಳ್ಬಾರದಿತ್ತಾ?”

ಇಲಿ ಡಾಕ್ಟರು ವಿವರಿಸಿದರು. ಇನ್ನೊಮ್ಮೆ ವಿವರಿಸಿದರು. ಹೇಳಿದಷ್ಟೂ ಕೊಳವೆಯ ಮಹಿಮೆ ಹೆಚ್ಚುತ್ತಿತ್ತು. ಕೊನೆಗೆ ಅತ್ತಿಗೆ ಸಾಸಿವೆ ಸುರಿದು, ಕೊಳವೆ ತೊಳೆದು, ನೀರು ತುಂಬಿಡುವುದನ್ನು ಕಂಡು ಅವರು ಲೆಕ್ಕ ಹಾಕಿದರು: ನೀರಿಗೆ ಒಸರುವ ಪ್ರಮಾಣ ನಗಣ್ಯ, ಮನುಷ್ಯನ ಮೈಯಲ್ಲಿ ಗುಣವೂ ಇಲ್ಲ, ದೋಷವೂ ಇಲ್ಲ, ಕುಡಿದು ಸಮಾಧಾನವಾದರೆ ಆಗಲಿ. ಲೆಕ್ಕ ಸರಿಯಾಗಿತ್ತು. ನೀರಿನ ವಿಷಯದಲ್ಲಿ ಅವರು ಒಂದು ಕೂದಲೆಳೆಯಷ್ಟೂ ತಪ್ಪಲಿಲ್ಲ. ಪ್ರತಿಯೊಂದು ಪ್ರಯೋಗದಲ್ಲೂ ಇನ್ನೇನು ಹಾಕಿದೆ, ಇನ್ನೇನು ಹಾಕಿಲ್ಲ ಎಂದು ಕೇಳುವ ಮನುಷ್ಯ, ಮಾತ್ರೆ ತಗೊಂಡೆಯಾ ಅಣ್ಣ ಎಂದು ಕೇಳಲಿಲ್ಲ. ಮಾತ್ರೆ ಹೇಗೂ ಇದ್ದೇ ಇದೆಯಲ್ಲ. ಇದ್ದೇ ಇರುವುದನ್ನು ಯಾರು ಅಳೆಯುತ್ತಾರೆ?

ಅಣ್ಣ ಕೊಳವೆಯ ನೀರು ಕುಡಿದ. ಅತ್ತಿಗೆ ತಲೆ ಎತ್ತಿ ಹಿಡಿದು, ಗುಟುಕು ಗುಟುಕಾಗಿ ಕುಡಿಸಿದಳು. ಮರುದಿನ ಬೀದಿಯವರು ನೋಡಲು ಬಂದರು. ಕೈ ನಿಜವಾಗಿಯೂ ನಿಂತಿತ್ತು. ಮರದ ಕೊರಡಿನ ಹಾಗೆ, ಬೆರಳು ಕೂಡ ಅಲುಗದೆ ನಿಂತಿತ್ತು. ಬಟ್ಟೆ ಅಂಗಡಿಯವರು ಅತ್ತಿಗೆಗೆ ಕೈಮುಗಿದರು. ಐಸ್‌ಕ್ರೀಮ್ ಅಂಗಡಿಯವನು ನಿಟ್ಟುಸಿರು ಬಿಟ್ಟ. ಪೋಸ್ಟ್ ಮಾಸ್ಟರು ಕಾಲೇಜಿಗೆ ಫೋನು ಮಾಡಿ, “ನಿಮ್ಮಣ್ಣ ಗೆದ್ದುಬಿಟ್ರು ಡಾಕ್ಟ್ರೇ!” ಎಂದು ಕೂಗಿದರು.

ಇಲಿ ಡಾಕ್ಟರು ಓಡಿ ಬಂದು ಹಣೆ ಮುಟ್ಟಿದರು. ಕೈ ಸುಟ್ಟಂತಾಯಿತು.

ಆಸ್ಪತ್ರೆಯ ಡಾಕ್ಟರು, ಕೈಹಿಡಿದು ನಾಡಿ ನೋಡುವ ನಿಜವಾದ ಡಾಕ್ಟರು, ಜ್ವರ ನೋಡಿ, ಬಿಗಿದ ಮೈ ಮುಟ್ಟಿ, ಮೊದಲು ಕೇಳಿದ್ದೇ ಅದನ್ನು.

“ಮಾತ್ರೆ ಯಾವಾಗಿಂದ ನಿಲ್ಲಿಸಿದ್ದೀರಿ?”

“ನಿಲ್ಲಿಸಿಲ್ಲ,” ಎಂದರು ಇಲಿ ಡಾಕ್ಟರು.

“ನಿಲ್ಲಿಸಿದ್ದಾರೆ,” ಎಂದಳು ಅತ್ತಿಗೆ. “ಆ ಅಧಿಕಾರಿ ಬಂದ ದಿವಸದಿಂದ ಕಮ್ಮಿ ಮಾಡ್ತಾ ಬಂದ್ರು. ಹಳೇದು ಒಂದು ಚೂರೂ ಉಳೀಬಾರದು ಅಂತ ನಿಯಮ ಇದೆಯಂತಲ್ಲ.”

“ಯಾರು ಹೇಳಿದ್ದು ನಿಮಗೆ?”

ಅತ್ತಿಗೆ ಮೈದುನನ ಕಡೆ ತಿರುಗಿದಳು. ಆ ನೋಟದಲ್ಲಿ ದೂರು ಇರಲಿಲ್ಲ. ಮನೆಯಲ್ಲಿ ಓದಿದವನೊಬ್ಬ ಇದ್ದಾನಲ್ಲ, ಉತ್ತರ ಅವನೇ ಹೇಳಲಿ ಎಂಬ ಭರವಸೆ ಇತ್ತು.

“ಈ ಮಾತ್ರೆ ಹೀಗೆ ಬಿಟ್ರೆ ಮೈ ಬಿಗಿದು ಜ್ವರ ಏರತ್ತೆ ಅಂತ ಗೊತ್ತಿರಲಿಲ್ವಾ?” ಎಂದರು ಡಾಕ್ಟರು. “ಮನೆಯಲ್ಲಿ ಓದಿದವರು ಯಾರೂ ಇಲ್ವಾ?”

ಅಣ್ಣ ಆ ವಾರ ದಾಟಲಿಲ್ಲ.

ಮನೆಗೆ ಮಾತಾಡಿಸಲು ಬಂದವರು ಬಹಳ. ಬಟ್ಟೆ ಅಂಗಡಿಯವರು ಔಷಧಿ ಬರುವುದು ತಡವಾಯಿತೆಂದರು. ಔಷಧದಂಗಡಿಯವರು ಔಷಧಿ ತೀರ ಶಕ್ತಿಯುತವಾಗಿದ್ದಿರಬೇಕೆಂದರು. ತಪಾಸಣಾಧಿಕಾರಿ ಈ ಸಲ ಬೂಟು ಕಳಚಿ ಬಂದು, ತಲೆ ತಗ್ಗಿಸಿ ಕೂತಿದ್ದು, ಏಳುವಾಗ ಅತ್ತಿಗೆಯ ಹತ್ತಿರ, “ಆ ಕೊಳವೆ ಇನ್ನೂ ಒಂದೆರಡು ಉಳಿದಿದ್ಯಾ ತಾಯಿ?” ಎಂದು ಕೇಳಿದ. ಅತ್ತಿಗೆ ಎದ್ದುಹೋಗಿ, ಸೂಜಿ ಇದ್ದದ್ದನ್ನು ಖಾಲಿ ಮಾಡಿ ತಂದಳು. ಅವನು ಅದನ್ನು ಜೇಬಿಗಿಡುವ ಮೊದಲೇ ಇಲಿ ಡಾಕ್ಟರು ಕಿತ್ತುಕೊಂಡು ಕಾಲಡಿ ಹಾಕಿ ತುಳಿದರು. ಪ್ಲಾಸ್ಟಿಕ್ಕು ಒಡೆಯಲಿಲ್ಲ. ಕಾಲಡಿಯಿಂದ ಜಾರಿ, ಬಂದವರ ಚಪ್ಪಲಿಗಳ ನಡುವೆ ಉರುಳಿಹೋಯಿತು. ದುಃಖಕ್ಕೆ ಬುದ್ಧಿ ಕೆಟ್ಟಿದೆ ಎಂದು ಪೋಸ್ಟ್ ಮಾಸ್ಟರು ಎಲ್ಲರಿಗೂ ತಗ್ಗಿದ ದನಿಯಲ್ಲಿ ತಿಳಿಸಿದರು.

ಮರುವರ್ಷದ ಸಮ್ಮೇಳನದಲ್ಲಿ ‘ಕೈಗೂಡದ ಪ್ರಯೋಗಗಳ ಪಾಠ’ ಎಂಬ ಗೋಷ್ಠಿಯನ್ನು ಊಟಕ್ಕೆ ಮುಂಚಿನ ವೇಳೆಗೆ ಇಟ್ಟಿದ್ದರು. ಪ್ರೊಫೆಸರಿಗೆ ಅಂದು ಸೊಂಟನೋವಿದ್ದ ಕಾರಣ ಇಲಿ ಡಾಕ್ಟರೊಬ್ಬರೇ ಬಂದಿದ್ದರು. ಅವರು ಪುಡಿಯ ವಿಷಯ ಹೇಳಿದರು, ಗಾಜಿನ ವಿಷಯ ಹೇಳಿದರು, ಪ್ಲಾಸ್ಟಿಕ್ಕಿನ ವಿಷಯ ಹೇಳಿದರು; ಬರೀ ನೀರಿಗೆ ಹೊಸದು ದಂಡವೆಂದು ತಾವು ಎಣಿಸಿದ್ದನ್ನೂ ಮುಚ್ಚಿಡದೆ ಹೇಳಿದರು. ಮುಂದಿನ ಸಾಲಿನಲ್ಲಿ ಮೇಡಂ ಕೂತಿದ್ದರು. ಹಿಂದಿನ ಸಾಲಿನಿಂದ ಕಂಪನಿಯ ತರುಣನೊಬ್ಬ ಕೈಯೆತ್ತಿದ.

“ಈ ಕೊಳವೆಯ ನೀರನ್ನ ಜೀವಂತ ಪ್ರಾಣಿಯ ಮೇಲೇನಾದ್ರೂ ಪರೀಕ್ಷೆ ಮಾಡಿದ್ದೀರಾ?”

“ಒಂದರ ಮೇಲೆ.”

“ಇಲಿನಾ, ಮೊಲನಾ?”

“ನಮ್ಮಣ್ಣ.”

ಸಭೆ ಗೊಳ್ಳೆಂದು ನಕ್ಕಿತು. ಬೆಳಗಿನಿಂದ ಕೂತು ಬೇಸತ್ತವರಿಗೆ ಮೊದಲ ಬಾರಿಗೆ ಒಂದು ಹಾಸ್ಯ ಸಿಕ್ಕಿತ್ತು. ನಗದೆ ಇದ್ದವರು ಮೇಡಂ ಒಬ್ಬರೇ. ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಫಲಿತಾಂಶ ಹೇಳಿ ಮುಗಿಸಿಬಿಡಿ ಡಾಕ್ಟ್ರೇ,” ಎಂದರು ಅಧ್ಯಕ್ಷರು, ಕಣ್ಣೊರೆಸಿಕೊಳ್ಳುತ್ತ. “ಊಟ ಆರ್ತಿದೆ.”

ಇಲಿ ಡಾಕ್ಟರು ಹಾಳೆಗಳ ಅಂಚು ಸರಿಮಾಡಿಕೊಂಡು, ನಗು ಪೂರ್ತಿ ನಿಲ್ಲುವ ತನಕ ಕಾದರು.

“ಕೊಳವೆಯ ನೀರಿನಿಂದ ಗುಣವೂ ಇಲ್ಲ, ದೋಷವೂ ಇಲ್ಲ. ಸಾವು ಮಾತ್ರೆ ನಿಲ್ಲಿಸಿದ್ದರಿಂದ.”